ಮಾಸ್ತರರ ಕೆಂಪು ಗೆರೆ

"ಬೇಲಿ ಮುಟ್ಟಿದ್ರೆ ನಿನ್ನ ಕೈ ಮುರೀತೆ, ಈಗ್ಲೇ ಹೇಳಿಟ್ಟೆ."

"ಮುರಿ ನೋಡ್ವಾ. ನಿನ್ನ ಅಪ್ಪ ಕೊಟ್ಟ ಓಣಿಯನಾ ಇದು?"

ಮೊದಲು ಹೇಳಿದವ ತಿಮ್ಮ, ತಿರುಗಿ ಕೇಳಿದವ ಪಾಂಡು. ಇಬ್ಬರ ನಡುವೆ ಸ್ಕೂಟರಿನ ಮುಂಗಾಲಿಯನ್ನು ಮುಳ್ಳಿಗೆ ಸಿಕ್ಕಿಸಿಕೊಂಡು ನಿಂತವರು ಕಮಲಾಕರ ಮಾಸ್ತರರು. ಹೆಬಳೆ ಊರಿನ ಆ ಓಣಿಯ ಒಂದು ಬದಿಗೆ ತಿಮ್ಮನ ಹಿತ್ತಲು, ಇನ್ನೊಂದು ಬದಿಗೆ ಪಾಂಡುವಿನದು, ತುದಿಯಲ್ಲಿ ಮಾಸ್ತರರ ಹೊಸ ಮನೆ. ಓಣಿ ತನ್ನದೆಂದು ತಿಮ್ಮ ಹೋದ ವಾರ ಅಡ್ಡಕ್ಕೆ ಮುಳ್ಳು ಹಾಕಿದ. ಅಲ್ಲ, ತನ್ನದೆಂದು ಪಾಂಡು ಅದರ ಹಿಂದೆ ಇನ್ನೊಂದು ಸಾಲು ಹಾಕಿದ. ಏಳು ವರ್ಷದಿಂದ ಅವರ ನಡುವೆ ಬೈಗುಳ ಬಿಟ್ಟು ಬೇರೆ ಮಾತಿಲ್ಲ.

ನಾಳೆ ಬೆಳಿಗ್ಗೆ ಮಾಸ್ತರರ ಗೃಹಪ್ರವೇಶ. ಇಂದು ಸಂಜೆ ಅಡುಗೆ ಪಾತ್ರೆಗಳ ಆಟೋ ಬರುವುದಿತ್ತು. ಅಷ್ಟರೊಳಗೆ ದಾರಿ ತೆರೆಯದಿದ್ದರೆ ನೂರೈವತ್ತು ನೆಂಟರು ಪಂಚೆ ಎತ್ತಿಕೊಂಡು ಗದ್ದೆಯ ಕೆಸರು ತುಳಿದು ಬರಬೇಕು. ಹೆಂಡತಿ ವೀಣಾ ಬೆಳಗಿನಿಂದ ನಾಲ್ಕು ಸಲ ಫೋನು ಮಾಡಿ ಇದನ್ನೇ ಹೇಳಿದ್ದಳು, ಪ್ರತಿ ಸಲವೂ ಧ್ವನಿ ಒಂದು ಮೆಟ್ಟಿಲು ಮೇಲೆ.

ಮಾಸ್ತರರಿಗೆ ಉಪಾಯ ಹೊಳೆಯಿತು. ಕುಮಟೆಯ ತರಬೇತಿಯಲ್ಲಿ ಅವರೊಂದು ಹೊಸ ವಿದ್ಯೆ ಕಲಿತು ಬಂದಿದ್ದರು. ಕಂಪ್ಯೂಟರ್ ಪರದೆಯ ಮೇಲೆ ಏನೇ ಕಾಣುತ್ತಿರಲಿ, ಅದರ ಮೇಲೆ ಕೆಂಪು ಪೆನ್ನಿನಲ್ಲಿ ಗೀಚಬಹುದು. ಮೌಸಿನ ಬಾಣ ಹೋದಲ್ಲೆಲ್ಲ ಹಳದಿ ಬೆಳಕಿನ ವೃತ್ತವೊಂದು ಹಿಂಬಾಲಿಸುವಂತೆ ಮಾಡಬಹುದು. ಅಂದಿನಿಂದ ಶಾಲೆಯ ದೊಡ್ಡ ಪರದೆಯಲ್ಲಿ ಅವರು ಸುತ್ತು ಹಾಕದೆ ಬಿಟ್ಟ ವಸ್ತುವಿಲ್ಲ. ಕಪ್ಪೆಯ ಹೃದಯಕ್ಕೂ ಸುತ್ತು, ಹಂಪೆಯ ರಥಕ್ಕೂ ಸುತ್ತು.

ಊಟದ ಬಿಡುವಿಗೆ ಇಬ್ಬರನ್ನೂ ಶಾಲೆಗೆ ಕರೆಸಿದರು. ಜಗಳ ನೋಡಲು ಅರ್ಧ ಕೇರಿ ಹಿಂದೆಯೇ ಬಂತು. ಬಿಸಿಯೂಟದ ಗಂಗೆ ಸೌಟು ಹಿಡಿದುಕೊಂಡೇ ಬಂದಳು. ಪರದೆಯ ಮೇಲೆ ಆಕಾಶದಿಂದ ಕಾಣುವ ಹೆಬಳೆ ಮೂಡಿತು. ಹಳದಿ ವೃತ್ತ ಮಂತ್ರಿಸಿ ಬಿಟ್ಟ ಲಿಂಬೆಹಣ್ಣಿನಂತೆ ಹೆಂಚಿನ ಮಾಡಿನಿಂದ ಮಾಡಿಗೆ ಉರುಳಿತು. ತನ್ನ ಮಾಡಿನ ಮೇಲೆ ಬಂದಾಗ ಪಾಂಡು ಎರಡು ಹೆಜ್ಜೆ ಹಿಂದೆ ಸರಿದ.

"ಓಣಿ ನಡುವೆ ನಾ ಗೆರೆ ಎಳೀತೆ. ಕೆಂಪು ಗೆರೆ ಬಿದ್ದಲ್ಲೇ ಗಡಿ. ಮತ್ತೆ ಯಾರೂ ತಕರಾರು ತೆಗೆಯೂಕಿಲ್ಲ. ಆತಾ?" ಎಂದರು ಮಾಸ್ತರರು.

ಇಬ್ಬರೂ ಒಪ್ಪಿದರು. ಗಂಗೆ ಸಾಕ್ಷಿ.

ಮಾಸ್ತರರು ನಾಲಿಗೆ ಕಚ್ಚಿಕೊಂಡು ಎಳೆದ ಗೆರೆ ಓಣಿಯ ನಟ್ಟನಡುವೆ ನೆಟ್ಟಗೆ ಬಿತ್ತು. ತಿಮ್ಮ ತಲೆಯಾಡಿಸಿದ. ಪಾಂಡು ಮಾತ್ರ ತನ್ನ ತೆಂಗಿನಮರ ಸರಿಯಾಗಿ ಕಾಣುವುದಿಲ್ಲ, ಚಿತ್ರ ಸ್ವಲ್ಪ ದೊಡ್ಡದಾಗಲಿ ಎಂದ. ಮಾಸ್ತರರು ಮೌಸಿನ ಗಾಲಿ ತಿರುಗಿಸಿದರು.

ಆ ಶಾಯಿ ಇರುವುದು ಪರದೆಯ ಮೇಲೆ, ನಕ್ಷೆಯ ಮೇಲಲ್ಲ. ಇದನ್ನು ಕುಮಟೆಯಲ್ಲಿ ಹೇಳುವಾಗ ಮಾಸ್ತರರು ಚಾ ಕುಡಿಯಲು ಹೋಗಿದ್ದರು. ಈಗ ನೆಲ ಸರಿಯಿತು, ಗೆರೆ ಇದ್ದಲ್ಲೇ ಇತ್ತು. ನೆಲ ನಿಂತಾಗ ನೋಡಿದರೆ ಗೆರೆ ಮಾಸ್ತರರ ಹೊಸ ಮನೆಯ ಮುಂಬಾಗಿಲಲ್ಲಿ ಹೊಕ್ಕು ಹಿಂಬಾಗಿಲಲ್ಲಿ ಹೊರಬಿದ್ದಿತ್ತು.

"ಬೇಲಿ ಸರಿಸುವವ್ರನ್ನ ಬೇಕಾದಷ್ಟು ಕಂಡಿದ್ದೆ," ಎಂದಳು ಗಂಗೆ. "ಊರನ್ನೇ ಸರಿಸಿದವ್ರು ನೀವೇ ಮೊದ್ಲು, ಮಾಸ್ತರ್ರೆ."

ನಾಲ್ಕಾರು ಮೊಬೈಲುಗಳು ಫೋಟೋ ಹೊಡೆದವು. ಮಾಸ್ತರರು ಗಡಿಬಿಡಿಯಿಂದ ಗೆರೆ ಅಳಿಸಿ, ಇದು ಲೆಕ್ಕಕ್ಕಿಲ್ಲ, ಇನ್ನೊಮ್ಮೆ ಎಳೆಯುತ್ತೇನೆ ಎಂದರು. ತಕರಾರು ತೆಗೆಯಬಾರದೆಂದು ನೀವೇ ಹೇಳಿದ್ದಲ್ಲವೇ ಎಂದ ತಿಮ್ಮ. ಆಮೇಲೆ ಪಾಂಡುವಿನ ಕಡೆ ತಿರುಗಿದ.

"ನಿನ್ನ ಬದಿಗೆ ಅಡುಗೆಮನೆ ಬಂತಲ."

"ನಿಂಗೆ ದೇವರ ಕೋಣೆ," ಎಂದ ಪಾಂಡು.

ಏಳು ವರ್ಷದಲ್ಲಿ ಬೈಗುಳವಿಲ್ಲದ ಮೊದಲ ಮಾತು. ಇಬ್ಬರೂ ನಕ್ಕರು, ಕೇರಿ ನಕ್ಕಿತು. ಅಂತೂ ರಾಜಿಯಾಯಿತಲ್ಲ ಎಂದು ಮಾಸ್ತರರು ಎಲ್ಲರಿಗಿಂತ ಜೋರಾಗಿ ನಕ್ಕರು.

ಪಾಂಡು ಕಣ್ಣೊರೆಸಿಕೊಂಡು ತಲೆ ಕೆರೆದುಕೊಂಡ. ತಮಾಷೆ ಹಾಗಿರಲಿ, ಅಪ್ಪಂದಿರ ಕಾಲದ ಗಡಿಕಲ್ಲು ನಿಜವಾಗಿ ಎಲ್ಲಿತ್ತು ಎಂದು ಕೇಳಿದ. ತಿಮ್ಮ ಬಹಳ ಹೊತ್ತು ಚಿತ್ರ ನೋಡಿದ. ಎದ್ದು ಹೋಗಿ ಮಾಸ್ತರರ ಮಾಡಿನ ಮೇಲೆ ಬೆರಳಿಟ್ಟ.

"ಇಲ್ಲೇ ಇತ್ತಲ ಮಾರಾಯ. ಪಾಯ ತೆಗೆವಾಗ ಎದ್ದು ಹೋತು. ಈಗ ಇವ್ರ ಹಿತ್ಲಲ್ಲಿ ಬಟ್ಟೆ ಒಗೆಯೂ ಕಲ್ಲು ಅದೇ."

ಮಾಸ್ತರರ ನಗು ಅರ್ಧಕ್ಕೆ ನಿಂತಿತು. ಜಾಗ ಕೊಂಡ ಪತ್ರ ತನ್ನಲ್ಲಿದೆ ಎಂದು ಕೂಗಿದರು. ಇರಲಿ, ಅಳತೆ ಮಾಡಿದರೆ ಗೊತ್ತಾಗುತ್ತದೆ ಎಂದ ಪಾಂಡು. ಸುಮ್ಮನೆ ಓಣಿಗಾಗಿ ಏಳು ವರ್ಷ ಗಂಟಲು ಹರಿದುಕೊಂಡೆವಲ್ಲ ಎಂದು ತಿಮ್ಮ ಅವನ ಬೆನ್ನು ತಟ್ಟಿದ. ಭಟ್ಕಳಕ್ಕೆ ಹೋಗಿ ಸರ್ವೆಗೆ ಒಂದೇ ಅರ್ಜಿ, ಎರಡು ಸಹಿ ಎಂದು ನಿಂತ ನಿಲುವಿನಲ್ಲೇ ತೀರ್ಮಾನವಾಯಿತು.

ಮಾಸ್ತರರು ಅಂಗಳದವರೆಗೆ ಓಡಿದರು. ಬೇಕಾದರೆ ನೂರು ಅರ್ಜಿ ಕೊಡಿ, ಮೊದಲು ಮುಳ್ಳು ಕಿತ್ತು ಹೋಗಿ ಎಂದು ಅಂಗಲಾಚಿದರು.

ತಿಮ್ಮ ಬೈಕಿಗೆ ಕಿಕ್ ಹೊಡೆದ. "ತಕರಾರಿನ ಜಾಗ, ಮಾಸ್ತರ್ರೆ. ಅಳತೆ ಆಗೂವರೆಗೆ ಇದ್ದದ್ದು ಇದ್ದ ಹಾಗೇ ಇರ್ಬೇಕು."

ಪಾಂಡು ಹಿಂದೆ ಹತ್ತಿ ಕುಳಿತು ತಿಮ್ಮನ ಹೆಗಲ ಮೇಲೆ ಕೈಯಿಟ್ಟ. ಬೈಕು ಹೊರಟಿತು.

ಬಿಡುವು ಮುಗಿಯಿತು, ಶಾಲೆಯೂ ಬಿಟ್ಟಿತು. ಪಾತ್ರೆಯ ಆಟೋ ಬಂದು ಎರಡು ಸಾಲು ಮುಳ್ಳಿನ ಮುಂದೆ ನಿಂತು ಹಾರ್ನ್ ಹೊಡೆಯತೊಡಗಿತು. ಭಟ್ಕಳಕ್ಕೆ ಹೋದವರು ಬರಲಿಲ್ಲ.