ವಾಸನೆಯನ್ನು ಗಡಿಪಾರು ಮಾಡಿದ ಮಹಾರಾಜ

ಸನ್ಮಾನ್ಯ ವಾಚಕರೇ, ಭೂಗೋಳದ ಪುಸ್ತಕಗಳು ಇನ್ನೂ ಅಚ್ಚಾಗದಿದ್ದ ಕಾಲದಲ್ಲಿ ಮಂದಾನಿಲವೆಂಬ ರಾಜ್ಯವೊಂದು ಇದ್ದಿತು. ಆದ್ದರಿಂದ ಅದನ್ನು ಭೂಪಟದಲ್ಲಿ ಹುಡುಕುವ ಶ್ರಮವನ್ನು ತಾವು ತೆಗೆದುಕೊಳ್ಳಬೇಕಾಗಿಲ್ಲ.

ಅಲ್ಲಿನ ಅರಸು ಶ್ರೀಮನ್ಮಹಾರಾಜ ಪ್ರಸನ್ನಕೇತು ಭೂಪಾಲರು ಪ್ರತಿ ಬೀದಿಯ ಅಡಿಯಲ್ಲೂ ಗ್ಯಾಸಿನ ಕೊಳವೆ ಹಾಕಿಸಿ, ಮನೆಮನೆಯ ಒಲೆಗೂ ಅನಿಲಭಾಗ್ಯವನ್ನು ಕರುಣಿಸಿದ್ದರು. ಈ ಅನಿಲಕ್ಕೆ ಸ್ವಭಾವತಃ ಬಣ್ಣವಿಲ್ಲ, ವಾಸನೆಯೂ ಇಲ್ಲ; ಬಾಗಿಲು ತಟ್ಟದೆ ಒಳಗೆ ಬಂದು ಕೂರುವ ಅತಿಥಿಯಂತೆ ಅದು ಮನೆ ತುಂಬಬಲ್ಲದು. ಅದಕ್ಕೆಂದೇ ಹಿಂದಿನವರು ಕೊಳೆತ ಮೊಟ್ಟೆಯಂತೆ ನಾರುವ ಒಂದು ಔಷಧಿಯನ್ನು ಅದರಲ್ಲಿ ಬೆರೆಸುವ ಪದ್ಧತಿಯನ್ನಿಟ್ಟಿದ್ದರು. ನಾತ ಬಂದೊಡನೆ ಜನರು ಕಿಟಕಿ ತೆರೆದು, ಹೊರಗೋಡಿ, ದೂರು ಕೊಡುತ್ತಿದ್ದರು. ಒಂದೊಂದು ದೂರಿಗೂ ಅರಮನೆಯ ಡ್ಯಾಶ್‌ಬೋರ್ಡಿನ ಮೇಲೆ ಒಂದೊಂದು ಕೆಂಪು ದೀಪ ಹೊತ್ತಿಕೊಳ್ಳುತ್ತಿತ್ತು.

"ಮಂತ್ರಿವರ್ಯ, ಅತ್ಯಂತ ಸುರಕ್ಷಿತ ರಾಜ್ಯಕ್ಕೆ ಕೊಡುವ ಸುರಕ್ಷತಾ ಕಿರೀಟದ ಸ್ಪರ್ಧೆ ಹತ್ತಿರ ಬಂತು. ಈ ಫಲಕವೇಕೆ ದಾಸವಾಳದ ಗಿಡದಂತೆ ಕೆಂಪಗಿದೆ?" ಎಂದು ಮಹಾರಾಜರು ಕೇಳಿದರು.

ಅನಿಲಮಂತ್ರಿ ಸ್ತುತಿಕೀರ್ತಿ ಕೈಮುಗಿದ. "ಪ್ರಭು, ಕೊಳವೆಗಳು ಅಲ್ಲಲ್ಲಿ ಸೋರುತ್ತಿವೆ. ಪ್ರಜೆಗಳು ವಾಸನೆಯೆಂದು ದೂರುತ್ತಿದ್ದಾರೆ."

"ಹಾಗಾದರೆ ಕೊಳವೆಗಳನ್ನು ದುರಸ್ತಿ ಮಾಡಿಸಿ."

ಇಂಥ ಅವಿವೇಕದ ಮಾತನ್ನು ಪ್ರಭುಗಳು ಹಿಂದೆಂದೂ ಆಡಿರಲಿಲ್ಲ.

ಮಂತ್ರಿ ಸಾವರಿಸಿಕೊಂಡು ಹೇಳಿದ: "ದುರಸ್ತಿಗೆ ರಸ್ತೆ ಅಗೆಯಬೇಕಾಗುತ್ತದೆ, ಪ್ರಭು. ತಾವು ಮೊನ್ನೆಯಷ್ಟೇ ಉದ್ಘಾಟಿಸಿದ ರಸ್ತೆ. ಅಷ್ಟಕ್ಕೂ ಜನರು ದೂರುತ್ತಿರುವುದು ವಾಸನೆಯನ್ನು. ವಾಸನೆಯನ್ನೇ ತೆಗೆದುಬಿಟ್ಟರೆ ದೂರುವುದೇನನ್ನು?"

"ಎಲಾ, ನಿಮ್ಮ ತಲೆಯೇ," ಎಂದು ಮಹಾರಾಜರು ತಮ್ಮ ಕೊರಳಿನ ಹಾರವನ್ನು ತೆಗೆದು ಅವನಿಗೆ ಹಾಕಿದರು.

ಅಂದೇ ಡಂಗುರವಾಯಿತು: ಇನ್ನು ಮುಂದೆ ರಾಜ್ಯದ ಅನಿಲವು ನಿರ್ಗಂಧವಾಗಿರತಕ್ಕದ್ದು. ಮೂಗಿಗೆ ತಿಳಿಯುವುದು ಮಾತ್ರ ಸೋರಿಕೆ. ಮೂಗಿಗೆ ತಿಳಿಯದ್ದು ವದಂತಿ. ವಾರದೊಳಗೆ ಡ್ಯಾಶ್‌ಬೋರ್ಡು ಗರಿಕೆಯ ಹಾಗೆ ಹಸಿರಾಯಿತು. ಕಾವಲುಗಾರನ ಬಾಯಿಗೆ ಬಟ್ಟೆ ತುರುಕಿ, ಊರಿನಲ್ಲಿ ಕಳ್ಳರಿಲ್ಲವೆಂದು ಹಿಗ್ಗುವುದಕ್ಕೆ ಆಡಳಿತವೆಂದು ಹೆಸರಿಡುವವರನ್ನು ಏನೆನ್ನಬೇಕೆಂದು ವಾಚಕರೇ ನಿರ್ಧರಿಸಲಿ. ಮಂದಾನಿಲದಲ್ಲಿ ಅವರನ್ನು ದಕ್ಷರೆನ್ನುತ್ತಿದ್ದರು.

ಕಂಬಾರ ಓಣಿಯಲ್ಲಿ ಈರವ್ವನೆಂಬಾಕೆ ಖಾನಾವಳಿ ನಡೆಸುತ್ತಿದ್ದಳು. ಒಂದು ಬೆಳಿಗ್ಗೆ ಅವಳ ಬಾಗಿಲ ಮುಂದೆ ನಿಂತ ಮಳೆನೀರಿನಲ್ಲಿ ಗುಳ್ಳೆಗಳೇಳತೊಡಗಿದವು. ಪಕ್ಕದ ಹುಲ್ಲು ಮಳೆಗಾಲದಲ್ಲೇ ಸುಟ್ಟಂತೆ ಒಣಗಿತ್ತು. ಹಿಂದಿನ ಕೋಣೆಯಲ್ಲಿ ಬಾಣಂತಿ ಸೊಸೆ, ಎಳೆಗೂಸು. ಈರವ್ವ ಒಲೆ ಹಚ್ಚದೆ ಘ್ರಾಣಾಧಿಕಾರಿ ಕೊಟ್ರಯ್ಯನನ್ನು ಕರೆತಂದಳು. ಸೋರಿಕೆಯನ್ನು ಮೂಸಿ ಪ್ರಮಾಣೀಕರಿಸುವುದೇ ಅವನ ಹುದ್ದೆ.

ಕೊಟ್ರಯ್ಯ ಬಗ್ಗಿ, ಕಣ್ಣು ಮುಚ್ಚಿ, ದೀರ್ಘವಾಗಿ ಮೂಸಿದ. "ನಿನ್ನ ಬಳ್ಳೊಳ್ಳಿ ಚಟ್ನಿ ವಾಸನಿ ಬಿಟ್ರ ಏನೂ ಬರವಲ್ದು ನೋಡಬೇ."

"ಮತ್ತ ಈ ಗುಳ್ಳಿ ಏನ್ರಿ ಸಾಹೇಬ್ರ?"

"ಗುಳ್ಳಿಗೆ ನಮ್ಮಲ್ಲಿ ಕಾಲಂ ಇಲ್ಲ."

"ಕಾಲಂ ಇಲ್ಲಂತ ಗ್ಯಾಸ್ ವಾಪಸ್ ಹೊಕ್ಕೈತೇನ್ರಿ? ಒಳಗ ಹಸಿ ಬಾಣಂತಿ ಅದಾಳ."

"ಅದೆಲ್ಲ ಮ್ಯಾಲಿನವರಿಗೆ ಬಿಟ್ಟದ್ದವ್ವ. ನನಗ ಮೂಗಷ್ಟ ಕೊಟ್ಟಾರ," ಎಂದ ಕೊಟ್ರಯ್ಯ, ಬಾಗಿಲಿಗೆ 'ಸೋರಿಕೆಮುಕ್ತ ಗೃಹ' ಎಂಬ ಹಸಿರು ಚೀಟಿ ಅಂಟಿಸಿ ಹೋದ.

ಈರವ್ವ ಸೊಸೆಯನ್ನೂ ಮೊಮ್ಮಗುವನ್ನೂ ಕೆರೆಯಾಚೆಯ ತಂಗಿಯ ಮನೆಗೆ ಸಾಗಿಸಿದಳು. ಖಾನಾವಳಿಯ ಒಲೆ ತಣ್ಣಗೇ ಉಳಿಯಿತು. ಸ್ಪರ್ಧೆಯ ಹೊಸ್ತಿಲಲ್ಲಿ ಒಬ್ಬಳು ಪ್ರಜೆ ಒಲೆ ಹಚ್ಚಲು ಹೆದರುವುದೆಂದರೆ ರಾಜ್ಯದ ಇಮೇಜಿಗೆ ಎಂಥ ಧಕ್ಕೆ! ಮಹಾರಾಜರೇ ಖುದ್ದಾಗಿ ಬಂದು ಆ ಒಲೆ ಹೊತ್ತಿಸುವುದೆಂದು ತೀರ್ಮಾನವಾಯಿತು.

ವಾದ್ಯಗಳು ಮೊಳಗಿದವು. ಬೆಳ್ಳಿಯ ಪಂಜು ಹಿಡಿದ ಮಹಾರಾಜರು ಓಣಿಗೆ ಬಂದಾಗ ಈರವ್ವ ಹೊಸ್ತಿಲಿಗೆ ಅಡ್ಡ ನಿಂತಿದ್ದಳು.

"ಒಳಗ ಬರಬ್ಯಾಡ್ರಿ ಮಾರಾಜ್ರ. ನನ್ನ ಬೇಕಾದ್ರ ಹಿಡಕೊಂಡ ಹೋಗ್ರಿ, ಪಂಜು ಮಾತ್ರ ದೂರ ಇಡ್ರಿ."

"ತಾಯಿ, ಪ್ರಭುಗಳ ಕೈಯಿಂದ ಒಲೆ ಹೊತ್ತುವುದೆಂದರೆ ಏಳು ಜನ್ಮದ ಪುಣ್ಯ," ಎಂದ ಮಂತ್ರಿ.

"ಏಳೂ ಜನ್ಮದ್ದು ಒಂದ ಸಲಕ್ಕ ಮುಗಸಾಕ ಬಂದೀರೇನ್ರಿ?"

ಮಹಾರಾಜರು ಮುಗುಳ್ನಗುತ್ತ ಹೆಜ್ಜೆ ಮುಂದಿಟ್ಟರು. ಈರವ್ವ ಪಕ್ಕದಲ್ಲಿದ್ದ ಮಜ್ಜಿಗೆಯ ಕೊಡವನ್ನೆತ್ತಿ ಪಂಜಿನ ಮೇಲೆ ಸುರಿದಳು. ಪಂಜು ಚುಂಯ್ಯೆಂದು ಆರಿತು. ರಾಜವದನದ ಮೇಲೆ ಕರಿಬೇವಿನ ಎಲೆಗಳು ಶೋಭಿಸಿದವು.

ಜೀವ ಉಳಿಸಿದ ಹೆಂಗಸನ್ನು ರಾಜಜ್ವಾಲೆಗೆ ಅಪಮಾನವೆಸಗಿದ ಆರೋಪದ ಮೇಲೆ ಸೆರೆಮನೆಗೆ ಕಳುಹಿಸಲಾಯಿತು. ಸೆರೆಮನೆಗೆ ಇನ್ನೂ ಕೊಳವೆ ಬಂದಿರಲಿಲ್ಲ, ಸೌದೆಯೊಲೆಯೇ ಗತಿ. ಆದ್ದರಿಂದ ಆ ರಾತ್ರಿ ರಾಜಧಾನಿಯಲ್ಲಿ ನಿಶ್ಚಿಂತೆಯಿಂದ ಮಲಗಿದವಳು ಅವಳೊಬ್ಬಳೇ. ಮಂತ್ರಿಯಾದರೋ, "ಪ್ರಭುಗಳು ಉರಿಯುವ ಪಂಜಿನೊಡನೆ ಹೊಸ್ತಿಲವರೆಗೆ ಹೋದರೂ ಏನೂ ಸಂಭವಿಸಲಿಲ್ಲ, ಸುರಕ್ಷತೆ ಪ್ರಯೋಗದಿಂದ ಸಿದ್ಧ" ಎಂದು ವರದಿ ಬರೆದ. ತೀರ್ಪುಗಾರರು ಹಸಿರು ಫಲಕವನ್ನೂ ವರದಿಯನ್ನೂ ನೋಡಿ, ಸುರಕ್ಷತಾ ಕಿರೀಟವನ್ನು ಪ್ರಸನ್ನಕೇತು ಮಹಾರಾಜರ ತಲೆಗಿಟ್ಟರು.

ಕಿರೀಟ ಧರಿಸಿದ ಮಹಾರಾಜರು ಅಪೂರ್ಣವಾಗಿದ್ದ ಕಾರ್ಯವನ್ನು ಪೂರೈಸಲು ಮತ್ತೆ ಕಂಬಾರ ಓಣಿಗೆ ಬಿಜಯಂಗೈದರು. ಮಜ್ಜಿಗೆಯ ಅಪಾಯವಿದ್ದುದರಿಂದ ಈ ಬಾರಿ ಪಂಜನ್ನು ಉದ್ದನೆಯ ಬಿದಿರಿನ ತುದಿಗೆ ಕಟ್ಟಲಾಗಿತ್ತು. ಮನೆಗಳೆಲ್ಲ ಖಾಲಿ. ಓಣಿಯವರು ಮಕ್ಕಳು ಮುದುಕರು ಮೇಕೆ ಕೋಳಿಗಳ ಸಮೇತ ದೂರದ ಕೆರೆಯ ಏರಿಯ ಮೇಲೆ ನಿಂತಿದ್ದರು.

"ಇವರೇಕೆ ಅಲ್ಲಿದ್ದಾರೆ?"

"ತಮ್ಮ ದರ್ಶನಕ್ಕೆ ಪ್ರಭು. ಮನೆಯೊಳಗೆ ಒಬ್ಬರೂ ಉಳಿದಿಲ್ಲ."

ಮಹಾರಾಜರು ಪ್ರೀತಿಯಿಂದ ಕೈಬೀಸಿ, ಬಿದಿರನ್ನು ಖಾನಾವಳಿಯ ಕಿಟಕಿಯೊಳಗೆ ತೂರಿಸಿದರು.

ಅನಂತರ ಹೆಂಚುಗಳು ಆಕಾಶಕ್ಕೇರಿದವು, ಸಾವಕಾಶವಾಗಿ ಇಳಿದವು. ಬೀದಿಯಲ್ಲಿ ಅಂಗಾತ ಬಿದ್ದಿದ್ದ ಆಸ್ಥಾನಕವಿಗಳು ಅದನ್ನು ಪುಷ್ಪವೃಷ್ಟಿಯೆಂದು ವರ್ಣಿಸಿದರು. ಕೊಟ್ರಯ್ಯ ಹೊಗೆಯ ನಡುವೆ ಮೂಸಿ ನೋಡಿ, ವಾಸನೆಯಿಲ್ಲದ ಕಾರಣ ಸೋರಿಕೆಯೂ ಇಲ್ಲವೆಂದು ಪ್ರಮಾಣೀಕರಿಸಿದ. ಅರಮನೆಯ ಫಲಕದಲ್ಲಿ ಒಂದು ದೀಪವೂ ಕೆಂಪಾಗಲಿಲ್ಲ. ಬೀಳುವಾಗ ಒಂದು ಹೆಂಚು, ಬಿದಿರಿನ ಉದ್ದದಿಂದ ಬದುಕುಳಿದ ಮಹಾರಾಜರ ಶ್ವೇತಚ್ಛತ್ರವನ್ನು ಹರಿದಿತ್ತು. ಅದರ ದುರಸ್ತಿಯ ವೆಚ್ಚವನ್ನು ಓಣಿಯ ಎಲ್ಲರ ಮೇಲೂ, ಸೂರು ಉಳಿದವರು ಉಳಿಯದವರೆಂಬ ಭೇದವೆಣಿಸದೆ, ಸಮಾನವಾಗಿ ಹಂಚಲಾಯಿತು.