ಕೊಕ್ಕರೆ ಬಿಚ್ಚಿಸಿದ ದಾರಗಳು ಹಾಗೂ ಕಾಫಿ ಕುಡಿಯುವ ಕರ್ತವ್ಯದ ಬಗ್ಗೆ

ಗೊರ್ನೊ ಬ್ರೆಸ್ತೊವೊ ಪಟ್ಟಣ ಗ್ರಂಥಾಲಯ
ಸಂಖ್ಯೆ: ಗ್ರಂ/ಹೊಯಂ/19 ದಿನಾಂಕ: ಮಾರ್ಚ್ 22, ಬುಧವಾರ

ವಿಷಯ: ಗಣಕದಲ್ಲಿರುವ ಸಂಗ್ರಹವನ್ನು ಹಳೆಯ ಯಂತ್ರದಿಂದ ಹೊಸದಕ್ಕೆ ವರ್ಗಾಯಿಸುವಾಗ ಪಾಲಿಸಬೇಕಾದ ಶಿಸ್ತು.
ಉಲ್ಲೇಖ: ಚಿಮಣಿಯ ಮೇಲಿನ ಕೊಕ್ಕರೆ.

ವಸಂತ ಕಾಲ, ನಿನ್ನೆ ಬೆಳಿಗ್ಗೆ ಹತ್ತೂಕಾಲಿಗೆ ಈ ವರ್ಷದ ಮೊದಲ ಕೊಕ್ಕರೆ ಗ್ರಂಥಾಲಯದ ಚಿಮಣಿಯ ಮೇಲೆ ಇಳಿದಿರುತ್ತದೆ. ಊರ ಪದ್ಧತಿಯಂತೆ ಮಾರ್ಚ್ ಒಂದರಂದು ಒಳಿತಿಗೆಂದು ಮುಂಗೈಗೆ ಕಟ್ಟಿಕೊಂಡ ಕೆಂಪು-ಬಿಳಿ ದಾರವನ್ನು ಕೊಕ್ಕರೆ ಕಂಡೊಡನೆ ಬಿಚ್ಚಿ ಹೂಬಿಟ್ಟ ಮರಕ್ಕೆ ಕಟ್ಟುವುದು ಸರಿಯಷ್ಟೆ. ಆದರೆ ರಾಜಧಾನಿಯಿಂದ ಬಂದ ಇಂಜಿನಿಯರ್ ಪ್ಲಾಮೆನ್ ಅವರು ತಂತಿಗೆ ಅಂಟಿಸುವ ಹೆಸರಿನ ಚೀಟಿಗಳು ಮುಗಿದುಹೋದ ಕಾರಣ, ಯಾವುದು ಯಾವ ಯಂತ್ರದ್ದೆಂದು ಗಂಟುಗಳ ಲೆಕ್ಕದಿಂದ ತಿಳಿಯುವಂತೆ ಹತ್ತೊಂಬತ್ತು ವಿದ್ಯುತ್ ತಂತಿಗಳಿಗೂ ಅದೇ ದಾರವನ್ನು ಕಟ್ಟಿದ್ದರು. ಗುಡಿಸುವ ಗಂಕಾ ಅವರು ಅವನ್ನೂ ಬಿಚ್ಚಿ ಹಿತ್ತಲಿನ ಪ್ಲಮ್ ಮರಕ್ಕೆ ಕಟ್ಟಿರುತ್ತಾರೆ. ನಡೆದ ಮಾತು ಕಡತಕ್ಕೆ ಸೇರಿದೆ:

ಇಂಜಿನಿಯರ್: "ಅಯ್ಯೋ ಅಜ್ಜೀ, ಎಲ್ಲಾನೂ ಬಿಚ್ಬಿಟ್ರಾ?"
ಗಂಕಾ: "ಕೊಕ್ಕರೆ ಬಂದ್ಮೇಲೆ ಬಿಡಕ್ಕಾಗತ್ತೇನಪ್ಪಾ? ನಿನ್ ತಂತಿಗೂ ಒಳ್ಳೇದಾಗ್ಲಿ ಅಂತಾನೇ ಬಿಚ್ಚಿದ್ದು. ನೀನು ಆಕಾಶ ನೋಡಿ ಎಷ್ಟು ವರ್ಷ ಆಯ್ತು?"

ಕೆಳಗೆ ಸಹಿ ಮಾಡಿರುವವನು ಓದಿದ್ದು ನಾಲ್ಕನೇ ತರಗತಿ. ಆದರೂ ಹದಿನೇಳು ತಂತಿ ಯಾವ ಯಾವುದರವೆಂದು ನೆನಪಿದೆ. ಉಳಿದೆರಡರಲ್ಲಿ ಒಂದು ಹಳೆಯ ಯಂತ್ರದ್ದು, ಒಂದು ಕಾಫಿ ಯಂತ್ರದ್ದು. ಯಾವುದು ಯಾವುದೆಂದು ಅವು ಹಾದುಹೋಗುವ ಗೋಡೆಗೇ ಗೊತ್ತು. ಹಳೆಯ ಯಂತ್ರದಲ್ಲಿ ಗಂಕಾ ಅವರ ತಾಯಿ ದಿವಂಗತ ನೆದೆಲ್ಯಾ ಅವರು ಹಾಡಿದ ಸುಗ್ಗಿ ಹಾಡು ಇದೆ. ಮೂಲ ಟೇಪು ಹೊಳೆ ಉಕ್ಕಿದ ವರ್ಷವೇ ಹೋಯಿತು. ಹೊಸ ಯಂತ್ರಕ್ಕೆ ನಕಲು ಮುಗಿಯುವುದು ಶನಿವಾರ. ಅಷ್ಟರಲ್ಲಿ ಯಂತ್ರ ಆರಿದರೆ ಹಾಡೂ ಹೋದಂತೆಯೇ. ಆದುದರಿಂದ ಸರ್ವರಿಗೂ ಈ ಮೂಲಕ ಸೂಚಿಸಲಾಗಿದೆ:

1. ಎರಡೂ ತಂತಿಗಳನ್ನು ಮುಟ್ಟತಕ್ಕದ್ದಲ್ಲ.

2. ಕಾಫಿ ಯಂತ್ರದ ಗುಂಡಿ ಕೆಟ್ಟು ಕಾಫಿ ಸುರಿಯುತ್ತಲೇ ಇದ್ದು, ತಂತಿ ಕಿತ್ತರೆ ಮಾತ್ರ ನಿಲ್ಲುವುದರಿಂದ, ಶನಿವಾರದವರೆಗೆ ಸಿಬ್ಬಂದಿಯು ಸರದಿಯಲ್ಲಿ ಕಾಫಿ ಕುಡಿಯುತ್ತಲೇ ಇರತಕ್ಕದ್ದು.

3. ಪುಸ್ತಕ ಹಿಂದಿರುಗಿಸುವ ಓದುಗರು ಎರಡು ಕಪ್, ತಡಮಾಡಿದವರು ಐದು ಕಪ್ ಕುಡಿಯತಕ್ಕದ್ದು.

4. ಕೈ ನಡುಗಲು ತೊಡಗಿದವರನ್ನು ತಂತಿಗಳಿಂದ ದೂರವಿರಿಸಿ, ಧೂಳು ಹೊಡೆಯುವ ಕೆಲಸಕ್ಕೆ ನಿಯೋಜಿಸಲಾಗಿದೆ.

5. ತಂತಿಗಳ ಗುರುತಿನ ದಾರಗಳೆಲ್ಲ ಅಲ್ಲಿರುವುದರಿಂದ ಪ್ಲಮ್ ಮರವನ್ನು ಸೂಚಿ ವಿಭಾಗವೆಂದು ಪರಿಗಣಿಸಲಾಗಿದೆ. ಮರವನ್ನು ಎರವಲು ಕೊಡಲಾಗುವುದಿಲ್ಲ.

6. ಕಚೇರಿ ವೇಳೆಯಲ್ಲಿ ಎರಡನೇ ಕೊಕ್ಕರೆಯನ್ನು ನೋಡತಕ್ಕದ್ದಲ್ಲ. ಕಂಡದ್ದೇ ಆದಲ್ಲಿ ಅದು ಬಾತುಕೋಳಿಯೆಂದು ಲಿಖಿತವಾಗಿ ತಿಳಿಸತಕ್ಕದ್ದು.

(ಸಹಿ)
ಸ್ತೋಯಿಲ್ ವೃಬನೊವ್
ಬಾಗಿಲು ಕಾಯುವವ ಹಾಗೂ ಪ್ರಭಾರ ಮುಖ್ಯಸ್ಥ
(ಮುಖ್ಯಸ್ಥರು ಹನ್ನೊಂದನೇ ಕಪ್ಪಿನ ನಂತರ ರಜೆಯಲ್ಲಿದ್ದಾರೆ)

ಪ್ರತಿಗಳು, ತಲುಪಿಸಿದ ಬಗ್ಗೆ ನಂತರ ಬರೆದ ಟಿಪ್ಪಣಿ ಸಹಿತ:
– ಮುಖ್ಯಸ್ಥರು: ಮನೆಗೆ, ತುಂಬಿದ ಫ್ಲಾಸ್ಕಿನೊಂದಿಗೆ.
– ಕೊಕ್ಕರೆ: ಮಾಹಿತಿಗಾಗಿ. ಸ್ವೀಕೃತಿಗೆ ಸಹಿ ಹಾಕಲಿಲ್ಲ.
– ಗಂಕಾ: ಭಾನುವಾರ ಹೊಸ ಯಂತ್ರದ ಮುಂದೆ ಓದಿ ಹೇಳಲಾಯಿತು. ಎರಡನೇ ಕಲಮಿಗೇ "ಸುಮ್ನಿರೋ ಸ್ತೋಯಿಲ್, ಅಮ್ಮ ಹಾಡ್ತಿದಾಳೆ" ಎಂದದ್ದರಿಂದ ಉಳಿದದ್ದನ್ನು ಓದಲಿಲ್ಲ.
– ಇಂಜಿನಿಯರ್ ಪ್ಲಾಮೆನ್: ಸೋಮವಾರ ಬೆಳಗಿನ ಬಸ್ಸಿಗೆ ಹೊರಟುಹೋದರು. ಕಾಫಿ ಕೊಟ್ಟರೆ ಕುಡಿಯಲಿಲ್ಲ.