ಕನ್ನಡಿ ಲೋಕಕ್ಕೆ ಹೋದ ಬಳಚು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಆ ಬಳಚುಗಳನ್ನು ನಾನು ಎಣಿಸಿರಲಿಲ್ಲ! ಮುಂದಿನ ಸಕಲ ಅನಾಹುತಕ್ಕೂ ಮೂಲಪುರುಷ ನಾನೇ.

ಎರಡು ಸಾವಿರದ ಏಳೋ ಎಂಟೋ ಇಸವಿ. ಹಟ್ಟಿಕೇರಿ ಕಡೆಯ ಒಂದು ಹೈಸ್ಕೂಲಿಗೆ ಒಂದು ವರ್ಷದ ಮಟ್ಟಿಗೆ ವಿಜ್ಞಾನದ ಮಾಸ್ತರರು ಬೇಕಾಗಿದ್ದರು. ಬಿ.ಎಡ್. ಮುಗಿಸಿ ಎರಡು ವರ್ಷ ಮನೆಯಲ್ಲೇ ಕೂತು, ಊರವರ ದನಿ ಅನುಕರಿಸುವುದರಲ್ಲಷ್ಟೇ ಹೆಸರು ಮಾಡಿದ್ದ ನನಗೆ ಆ ಕೆಲಸ ಬೇಕೇ ಬೇಕಿತ್ತು.

"ಒಂದು ಪಾಠ ಮಾಡಿ ತೋರಿಸಿ. ಆಮೇಲೆ ನೋಡುವಾ" ಅಂದರು ಹೆಡ್‌ಮಾಸ್ತರರು. ಹಾಗೆನ್ನುವಾಗ ಅವರ ಕಣ್ಣಲ್ಲಿ ಹಿಂದಿನ ಗಣೇಶೋತ್ಸವ ಮಿಂಚಿ ಹೋಯಿತು. ಅಲ್ಲಿ ನಾನು ಅವರ ಭಾಷಣವನ್ನು ಕೆಮ್ಮು ಸಮೇತ ಮಾಡಿ ತೋರಿಸಿದ್ದೆ. ಅವರು ಮೊದಲ ಸಾಲಿನಲ್ಲೇ ಕೂತಿದ್ದರು!

ಪಾಠದ ವಿಷಯ ಕಾರವಾರದ ಸೈಬರ್ ಕೆಫೆಯಲ್ಲಿ ಸಿಕ್ಕಿತು. ನಮ್ಮ ಒಂದೊಂದು ಕಣಕ್ಕೂ ಕಣ್ಣಿಗೆ ಕಾಣದ ಕನ್ನಡಿ ಜೋಡಿಯೊಂದು ಇರಬಹುದಂತೆ. ವಿದ್ಯುದಂಶವಿಲ್ಲದ ನ್ಯೂಟ್ರಾನು ಸದ್ದಿಲ್ಲದೆ ಆ ಕನ್ನಡಿ ಲೋಕಕ್ಕೆ ದಾಟಿ, ಮತ್ತೆ ಇತ್ತ ಬರಲೂಬಹುದಂತೆ. ವಿಜ್ಞಾನಿಗಳು ತಣ್ಣಗಾದ ನ್ಯೂಟ್ರಾನುಗಳನ್ನು ಪಾತ್ರೆಯಲ್ಲಿ ಕೂಡಿಹಾಕಿ, ಸ್ವಲ್ಪ ಹೊತ್ತು ಬಿಟ್ಟು ಎಣಿಸುತ್ತಾರೆ. ತಾವಾಗಿಯೇ ಒಡೆದು ಹೋಗುವಂಥವು ಎಷ್ಟೆಂದು ಗೊತ್ತು. ಅದಕ್ಕೂ ಮಿಕ್ಕಿ ಕಡಿಮೆಯಾದರೆ ಅನುಮಾನ ಶುರು. ಇಷ್ಟರವರೆಗೆ ಸಿಕ್ಕಿಲ್ಲ, ಹುಡುಕುವುದನ್ನು ಬಿಟ್ಟಿಲ್ಲ. ಓದಿ ನನಗೆ ರೋಮಾಂಚನ! ಬಸ್ಸು ಬಿಣಗಾ ದಾಟುವವರೆಗೂ ಪಕ್ಕದ ಖಾಲಿ ಸೀಟನ್ನು ಸಂಶಯದಿಂದ ನೋಡುತ್ತಿದ್ದೆ.

ಆದರೆ ನ್ಯೂಟ್ರಾನು ಎಲ್ಲಿಂದ ತರುವುದು? ಮೀನು ಮಾರುವ ಮಾದೇವಕ್ಕನ ಬುಟ್ಟಿಯಲ್ಲಿ ಬಳಚು, ಅಂದರೆ ಜೀವಂತ ಕಪ್ಪೆಚಿಪ್ಪು, ಇತ್ತು. ಚಿಪ್ಪು ಮುಚ್ಚಿಕೊಂಡು ಯಾರ ಗೊಡವೆಗೂ ಹೋಗದ ಪ್ರಾಣಿ. ಬೇರೆ ನ್ಯೂಟ್ರಾನು ಏಕೆ?

"ಇಪ್ಪತ್ತು ಕೊಡು ಮಾದೇವಕ್ಕ. ಒಂದು ಡಬ್ಬಿನೂ ಬೇಕು."

"ಇಪ್ಪತ್ರಲ್ಲಿ ಎಂತ ಸಾರು ಮಾಡ್ತೆ, ತಮಾ?"

"ಸಾರಲ್ಲ, ಪಾಠ."

"ಡಬ್ಬಿ ಮಧ್ಯಾಹ್ನ ಶಾಲೆಗೇ ಬಂದು ತಗಂಡು ಹೋಗ್ತೆ. ಕಳಿಬೇಡ ಮತ್ತೆ!"

ಅವಳು ಎಣಿಸಿ ಡಬ್ಬಿಗೆ ಹಾಕುತ್ತಿದ್ದಾಗ ನಾನು ಅವಳದೇ ದನಿಯಲ್ಲಿ "ಬಳಚೇಯ್, ಬಳಚೂ!" ಎಂದು ಬೀದಿಗೆ ಮುಖ ಮಾಡಿ ಕೂಗಿದೆ. ಅವಳು ಬಿದ್ದು ಬಿದ್ದು ನಕ್ಕಳು. ನಾನು ಬೀಗಿದೆ.

ತರಗತಿ ಒಂಬತ್ತು. ಹೆಡ್‌ಮಾಸ್ತರರು ಹಿಂದಿನ ಬೆಂಚಿನಲ್ಲಿ ಆಸೀನರಾದರು. ಡಬ್ಬಿಯಲ್ಲಿ ಇಪ್ಪತ್ತು ನ್ಯೂಟ್ರಾನುಗಳಿವೆಯೆಂದು ಘೋಷಿಸಿದೆ. ಮುಚ್ಚಳ ಹಾಕುವ ನೆವದಲ್ಲಿ ಒಂದನ್ನು ಮೆಲ್ಲಗೆ ಪ್ಯಾಂಟಿನ ಕಿಸೆಗೆ ಇಳಿಸಿದೆ. ಕಾಲು ಗಂಟೆ ಅಮೋಘವಾಗಿ ಮಾತಾಡಿದೆ.

"ಈಗ ಎಣಿಸಿ. ಒಂದು ಕನ್ನಡಿ ಲೋಕಕ್ಕೆ ಹೋಗಿದೆ!"

ಹೆಡ್‌ಮಾಸ್ತರರೇ ಎದ್ದು ಬಂದು ಎಣಿಸಿದರು. ಎರಡು ಸಲ.

ಇಪ್ಪತ್ತು!

ಕಿಸೆ ಮುಟ್ಟಿ ನೋಡಿಕೊಂಡೆ, ಕದ್ದದ್ದು ಅಲ್ಲೇ ಇತ್ತು. ಆದರೆ ಬಾಯಿ ಸುಮ್ಮನಿರಬೇಕಲ್ಲ! "ನೋಡಿದಿರಾ? ಹೋದದ್ದು ವಾಪಸ್ ಬಂತು!"

ಹೆಡ್‌ಮಾಸ್ತರರು ತಲೆದೂಗಿದರು. ಕೆಲಸ ಸಿಕ್ಕಿದ ಹಾಗೆಯೇ. ಅಷ್ಟರಲ್ಲಿ ಮುಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು.

"ಸರ್, ಅದು ಹೋಗಿತ್ತು ಅಂತ ಹ್ಯಾಂಗೆ ಗೊತ್ತಾಯ್ತು? ಹೋದಾಗ ಯಾರೂ ಎಣ್ಸಲೇ ಇಲ್ವಲ್ಲ?"

ಉತ್ತರ ನನ್ನ ಕಿಸೆಯಲ್ಲೇ ಇತ್ತು. ಅದೇ ಮುಹೂರ್ತದಲ್ಲಿ ಅದು ಚಿಪ್ಪು ತೆರೆದು ನೀರು ಬಿಟ್ಟಿತು! ತೊಡೆಯಗುಂಟ ಒದ್ದೆಯ ನಕ್ಷೆಯೊಂದು ಹರಡತೊಡಗಿತು. ಇಡೀ ತರಗತಿ ನೋಡಿ ನಕ್ಕಿತು. ವಿಜ್ಞಾನದ ಮರ್ಯಾದೆ ಬೇರೆ, ನನ್ನ ಮರ್ಯಾದೆ ಬೇರೆ. ಎರಡನೆಯದನ್ನು ಉಳಿಸಿಕೊಳ್ಳಲು ಬಳಚನ್ನು ಹೊರತೆಗೆದು ಮೇಜಿನ ಮೇಲಿಟ್ಟೆ.

"ಇಪ್ಪತ್ತೊಂದು" ಎಂದು ಹೆಡ್‌ಮಾಸ್ತರರು ಕೆಮ್ಮಿದರು. ನನ್ನ ಅನುಕರಣೆಯಲ್ಲಿ ಆ ಕೆಮ್ಮಿಗೆ ಇಷ್ಟು ಭಯಂಕರತೆ ಎಂದೂ ಬಂದಿರಲಿಲ್ಲ.

ಡಬ್ಬಿಗೆಂದು ಬಂದ ಮಾದೇವಕ್ಕ ಬಾಗಿಲಲ್ಲೇ ನಿಂತಿದ್ದಳು. ಹೆಡ್‌ಮಾಸ್ತರರು ವಿಚಾರಣೆ ಅಲ್ಲೇ ಶುರು ಮಾಡಿದರು.

"ಇವರಿಗೆ ಎಷ್ಟು ಕೊಟ್ಟಿದ್ದೆ, ಮಾದೇವಿ?"

"ಇಪ್ಪತ್ತು, ಮಾಸ್ತರೇ. ನಗ್ಸಿದಾ ಅಂತ ಮೇಲೊಂದು ಕೊಸರು ಹಾಕ್ದೆ. ಇವಂಗೆ ನನ್ನ ಹಾಂಗೆ ಕೂಗೂಕೆ ಮಾತ್ರ ಬತ್ತದೆ, ನನ್ನ ಹಾಂಗೆ ಎಣ್ಸೂಕೆ ಬರೂದಿಲ್ಲ!"

ತರಗತಿ ಮತ್ತೊಮ್ಮೆ ನಕ್ಕಿತು. ಈ ಸಲ ಹೆಡ್‌ಮಾಸ್ತರರೂ ಸೇರಿಕೊಂಡರು.

"ಹಾಗಾದ್ರೆ ಇವರನ್ನ ಎಂತ ಮಾಡೂದು ನೀನೇ ಹೇಳು. ತಗಳ್ಳೂದಾ, ಬಿಡೂದಾ?"

ಮಾದೇವಕ್ಕ ನನ್ನ ಒದ್ದೆ ಪ್ಯಾಂಟನ್ನೊಮ್ಮೆ, ಮುಖವನ್ನೊಮ್ಮೆ ನೋಡಿ ಡಬ್ಬಿ ಎತ್ತಿಕೊಂಡಳು. ಆ ವರ್ಷದ ಮಟ್ಟಿಗೆ ನನ್ನ ನೇಮಕಾತಿ ಆದೇಶ ಹೊರಬಿದ್ದದ್ದು ಅವಳ ಬಾಯಿಂದಲೇ:

"ತಗಳ್ಳಿ, ಮಾಸ್ತರೇ. ಲೆಕ್ಕಕ್ಕೆ ಬೇಡ, ಕೊಸರಿಗೆ ಇರ್ಲಿ."